ತೂಬು ತೆರೆಯುವ ಅಧಿಕಾರ ಯಾರದ್ದು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಈ ವರ್ಷ ನಮ್ಮೂರಿನ ಕೆರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದೆ. ತೂಬಿನ (ಕೆರೆಯ ನೀರನ್ನು ಹೊರಬಿಡುವ ಬಾಗಿಲಿನ) ಸಮೀಪದ ಗದ್ದೆಯವರು ಆಗಲೇ ಭತ್ತದ ಒಟ್ಲು (ಸಸಿಮಡಿ) ಬಿಟ್ಟಿದ್ದಾರೆ. ಅಚ್ಚುಕಟ್ಟಿನ (ಕೆರೆಯ ನೀರು ಹಾಯುವ ಭೂಮಿಯ) ಕೊನೆಯಲ್ಲಿರುವ ನಮಗೆ ರಾಗಿಗೂ ನೀರು ಸಿಗುವ ಭರವಸೆಯಿಲ್ಲ. ಗ್ರಾಮ ಪಂಚಾಯಿತಿಯವರು ಕೆರೆ ಸಂಘವನ್ನು ಕೇಳಿ ಎನ್ನುತ್ತಾರೆ; ಸಂಘವಾದರೋ ವರ್ಷಗಳಿಂದ ಸಭೆಯನ್ನೇ ಸೇರಿಲ್ಲ. ನೀರು ಹಂಚುವ ಅಧಿಕಾರ ನಿಜವಾಗಿ ಯಾರದ್ದು?
– ಮಧುಗಿರಿ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಕಾಗದದ ಮೇಲಿನ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದು 2,000 ಹೆಕ್ಟೇರಿನೊಳಗಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ಸುಪರ್ದಿನಲ್ಲಿವೆ. ಅದಕ್ಕಿಂತ ಚಿಕ್ಕ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ ಸೇರುತ್ತವೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪೈಕಿ ಸಣ್ಣ ನೀರಾವರಿ ಮತ್ತು ನೀರಿನ ನಿರ್ವಹಣೆ ಮೂರನೆಯದು. ಇದರ ಜೊತೆಗೆ, 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಮಾನ್ಯತೆ ದೊರೆಯಿತು. ವಿಶ್ವ ಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಯೋಜನೆಯಡಿ ಜಲ ಸಂವರ್ಧನೆ ಯೋಜನಾ ಸಂಘವು ಅನೇಕ ಊರುಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ನಿಮ್ಮೂರಿನದು ಅವುಗಳಲ್ಲಿ ಒಂದಾಗಿರಬಹುದು. ಯೋಜನೆಯ ಹಣ ಹರಿದಷ್ಟು ಕಾಲ ಸಭೆ ಸೇರಿ, ಹಣ ನಿಂತೊಡನೆ ಮಲಗಿದ ಸಂಘಗಳು ಎಷ್ಟೋ ಇವೆ.

ಆದರೆ ನಿಮ್ಮ ಕಷ್ಟ ಅಧಿಕಾರದ ಪಟ್ಟಿಯನ್ನು ಓದಿದ ಮಾತ್ರಕ್ಕೆ ಬಗೆಹರಿಯುವುದಿಲ್ಲ. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬನ್ನು ತೆರೆದು ಮುಚ್ಚುವ ಕೆಲಸ ನೀರುಗಂಟಿಯದಾಗಿತ್ತು. ಎಷ್ಟೇ ದೊಡ್ಡ ಹಿಡುವಳಿದಾರನಾದರೂ ತಾನಾಗಿ ತೂಬಿಗೆ ಕೈಹಾಕುವಂತಿರಲಿಲ್ಲ. ನೀರುಗಂಟಿಗಳು ಹೆಚ್ಚಾಗಿ ದಲಿತ ಕುಟುಂಬಗಳವರು. ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆಯಿಲ್ಲದವನಿಗೆ ಯಾರ ಗದ್ದೆಗೂ ಹೆಚ್ಚು ನೀರು ಹಾಯಿಸುವ ಆಸೆ ಇರುವುದಿಲ್ಲ ಎಂಬುದು ಆ ಏರ್ಪಾಟಿನ ಜಾಣತನ. ಅವರಿಗೆ ಸಲ್ಲುತ್ತಿದ್ದುದು ಸುಗ್ಗಿಯಲ್ಲಿ ಪ್ರತಿ ಹಿಡುವಳಿದಾರನಿಂದ ಇಷ್ಟೆಂದು ಗೊತ್ತಾದ ಧಾನ್ಯ, ಕೆಲವೆಡೆ ಇನಾಮು ಜಮೀನು. ನೀರಿನ ನ್ಯಾಯವನ್ನು ಅವರ ಕೈಗೊಪ್ಪಿಸಿದ ಊರು, ತೀರ್ಮಾನ ಮಾಡುವ ಕಟ್ಟೆಯ ಮೇಲೆ ಮಾತ್ರ ಅವರನ್ನು ಕೂರಿಸಿಕೊಳ್ಳಲಿಲ್ಲ. ಹಿಂದಿನ ಕಾಲದ ಊರೊಟ್ಟನ್ನು ಹೊಗಳುವವರು ಈ ಭಾಗವನ್ನು ದಾಟಿಕೊಂಡು ಹೋಗುವುದನ್ನು ನಾನು ಒಪ್ಪಲಾರೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯು ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿದ್ದು ಸರಿಯಾದ ಕ್ರಮವೇ. ಆದರೆ ತೂಬಿನ ಬಳಿ ನಿಲ್ಲುವವರು ಯಾರು ಎಂಬ ಪ್ರಶ್ನೆಗೆ ಬೇರೆ ಉತ್ತರವನ್ನು ಯಾರೂ ಗಟ್ಟಿಯಾಗಿ ಹುಡುಕಲಿಲ್ಲ. ಅಷ್ಟರಲ್ಲಿ ಕೊಳವೆಬಾವಿಗಳು ಬಂದವು. ಸ್ವಂತ ನೀರು ಉಳ್ಳವರು ಕೆರೆಯ ಕಡೆ ನೋಡುವುದನ್ನೇ ಬಿಟ್ಟರು.

ಇನ್ನು ಈ ವರ್ಷದ ಮಾತು. ನೀರು ಸಾಲದ ವರ್ಷಗಳಲ್ಲಿ ಹಿಂದಿನವರು ದಾಮಾಷಾ ಪದ್ಧತಿಯನ್ನು ಅನುಸರಿಸುತ್ತಿದ್ದರು. ಇರುವ ನೀರಿಗೆ ಎಷ್ಟು ಎಕರೆ ಬೆಳೆ ಬರುತ್ತದೆಂದು ಅಂದಾಜು ಮಾಡಿ, ತೂಬಿಗೆ ಹತ್ತಿರದ ಅಷ್ಟು ಭೂಮಿಯನ್ನು ಮಾತ್ರ ಸಾಗುವಳಿಗೆ ತೆಗೆದುಕೊಂಡು, ಅದರಲ್ಲಿ ಎಲ್ಲ ಹಿಡುವಳಿದಾರರಿಗೂ ಅವರವರ ಗದ್ದೆಯ ಪ್ರಮಾಣಕ್ಕೆ ತಕ್ಕ ಪಾಲು ಕೊಡುವ ಕ್ರಮವದು. ಕೊನೆಯವರೆಗೆ ಕಾಲುವೆ ತುಂಬಿಸುವಾಗ ಇಂಗಿಹೋಗುವ ನೀರು ಇದರಿಂದ ಉಳಿಯುತ್ತದೆ. ಒಟ್ಲು ಬಿಟ್ಟಾಗಿರುವ ಈಗ ಇದನ್ನು ಜಾರಿಗೆ ತರುವುದು ಕಷ್ಟ, ಏಕೆಂದರೆ ಇಂಥ ನಿಯಮ ಬಿತ್ತನೆಗೆ ಮೊದಲೇ ಗೊತ್ತಾಗಿರಬೇಕು. ಆದ್ದರಿಂದ ಈ ಹಂಗಾಮಿಗೆ ಭತ್ತದ ನಾಟಿಯ ವಿಸ್ತೀರ್ಣಕ್ಕೆ ಮಿತಿ ಹಾಕಬೇಕೆಂದೂ, ಕೊನೆಭಾಗದ ರಾಗಿಗೆ ಸರದಿಯ ದಿನಗಳನ್ನು ಬರೆದಿಡಬೇಕೆಂದೂ ತುರ್ತು ವಾರ್ಡ್ ಸಭೆಗೆ ಲಿಖಿತವಾಗಿ ಕೇಳಿಕೊಳ್ಳಿ. ಸಭೆಗೆ ಬಂದವರಲ್ಲಿ ಕನಿಷ್ಠ ಶೇಕಡಾ 30 ಮಹಿಳೆಯರಿರಬೇಕೆಂಬ ನಿಯಮವನ್ನು ಕೇವಲ ಸಹಿಗಾಗಿ ಪಾಲಿಸಬೇಡಿ. ಕಳೆ ಕೀಳುವವರಿಗೆ ಯಾವ ಗದ್ದೆ ಯಾವಾಗ ಒಣಗಿತೆಂಬುದು ಚೆನ್ನಾಗಿ ಗೊತ್ತಿರುತ್ತದೆ. ತೂಬಿನ ಉಸ್ತುವಾರಿಗೆ ಅಚ್ಚುಕಟ್ಟಿನಲ್ಲಿ ಜಮೀನಿಲ್ಲದ ಒಬ್ಬರನ್ನು, ಜಾತಿಯ ಲೆಕ್ಕವಿಲ್ಲದೆ, ಊರೆಲ್ಲ ಸೇರಿ ಕೊಡುವ ಕೂಲಿಗೆ ನೇಮಿಸಿಕೊಳ್ಳಿ.

ಪ್ರಶ್ನೆ: ನಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು ಬರುತ್ತಿದೆ. ತೂಬು ತೆರೆಯುವಂತಿಲ್ಲ ಎಂದ ಮೇಲೆ ಊರಿನವರು ನಿರ್ವಹಿಸುವುದಕ್ಕೆ ಏನು ಉಳಿಯಿತು?
– ಕೋಲಾರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಉಳಿದಿರುವುದು ಬಹಳ, ಮತ್ತು ಅದು ಮೊದಲಿಗಿಂತ ಕಠಿಣ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವುದು ಅಂತರ್ಜಲವನ್ನು ಮೇಲೆತ್ತುವ ಉದ್ದೇಶದಿಂದ. ಅದನ್ನು ನೇರವಾಗಿ ಗದ್ದೆಗೆ ಹರಿಸುವುದಾಗಲಿ, ಮೋಟಾರಿಟ್ಟು ಎತ್ತುವುದಾಗಲಿ ನಿಷಿದ್ಧ. ಹೀಗಾಗಿ ಸಾಮೂಹಿಕ ಕೆರೆಯ ಲಾಭವು ನೆಲದೊಳಗಿನಿಂದ ಹಾದು ಕೊಳವೆಬಾವಿ ಉಳ್ಳವರನ್ನೇ ಸೇರುತ್ತದೆ. ತೂಬಿನಿಂದ ಹರಿದ ನೀರು ಕಣ್ಣಿಗೆ ಕಾಣುತ್ತಿತ್ತು, ಜಗಳವಾಡಲಾದರೂ ಬರುತ್ತಿತ್ತು. ನೆಲದಡಿಯ ಪಾಲನ್ನು ಕೇಳುವವರಿಲ್ಲ.

ಮಹಾರಾಷ್ಟ್ರದ ಎರಡು ಊರುಗಳನ್ನು ಇಲ್ಲಿ ನೆನೆಯಬೇಕು. 1972ರ ಬರದ ನಂತರ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವ್‌ನಲ್ಲಿ ವಿಲಾಸರಾವ್ ಸಾಳುಂಕೆಯವರು ಆರಂಭಿಸಿದ ಪಾನಿ ಪಂಚಾಯತ್, ನೀರಿನ ಹಕ್ಕನ್ನು ಜಮೀನಿನಿಂದ ಬೇರ್ಪಡಿಸಿತು. ತಲೆಗೆ ಅರ್ಧ ಎಕರೆಯಂತೆ, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ ಸಾಲುವಷ್ಟು ನೀರು, ಕಬ್ಬಿಗೆ ನಿಷೇಧ, ಭೂಹೀನರಿಗೂ ಪಾಲು, ಜಮೀನು ಮಾರಿದರೂ ನೀರಿನ ಹಕ್ಕು ಅದರೊಡನೆ ಹೋಗುವುದಿಲ್ಲ. ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್‌ನ ಗ್ರಾಮಸಭೆ ಕೃಷಿಗೆ ಕೊಳವೆಬಾವಿ ಕೊರೆಯುವುದನ್ನೇ ನಿಲ್ಲಿಸಿ, ಪ್ರತಿವರ್ಷ ನೀರಿನ ಆಯವ್ಯಯ ಲೆಕ್ಕಹಾಕಿ ಬೆಳೆಯನ್ನು ನಿರ್ಧರಿಸುತ್ತದೆ. ಈಗಾಗಲೇ ಕೊಳವೆಬಾವಿಗಳಿಂದ ತುಂಬಿರುವ ಕೋಲಾರದಲ್ಲಿ ಇದನ್ನು ಹಾಗೆಯೇ ತರಲಾಗದು. ಆದರೂ ಕೆರೆಯ ಸುತ್ತ ಹೊಸ ಕೊಳವೆಬಾವಿಗೆ ಗ್ರಾಮಸಭೆಯ ಒಪ್ಪಿಗೆ ಬೇಕೆಂದು ಊರು ತನ್ನೊಳಗೆ ಕಟ್ಟುಪಾಡು ಮಾಡಿಕೊಳ್ಳಲು, ಮೇವಿಗೂ ಕುರಿ-ದನಗಳಿಗೂ ಮೊದಲ ಪಾಲು ಎಂದು ನಿಶ್ಚಯಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಪ್ರಶ್ನೆ: ನಮ್ಮ ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆದಾರರು, ಮೀನು ಸಾಯುತ್ತದೆಂದು ತೂಬು ತೆರೆಯಲು ಬಿಡುತ್ತಿಲ್ಲ. ಅವರು ಹಾಗೆ ತಡೆಯಬಹುದೇ?
– ಶಿರಾ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಅವರು ಪಡೆದಿರುವುದು ಮೀನಿನ ಗುತ್ತಿಗೆಯೇ ಹೊರತು ನೀರಿನ ಗುತ್ತಿಗೆಯಲ್ಲ, ಆದರೆ ಬಾಯಿಮಾತಿನ ವಾದಕ್ಕೆ ಇಳಿಯುವ ಮುನ್ನ ಕರಾರನ್ನು ನೋಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ, ಹರಾಜು ನಡೆಸಿದ್ದು ಪಂಚಾಯಿತಿಯಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ಮೀನುಗಾರಿಕೆ ಇಲಾಖೆಯಾದರೆ ಅದರ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಪ್ರತಿ ದೊರೆಯಬೇಕು. ನೀರಾವರಿಗೆ ಅಡ್ಡಿಪಡಿಸಬಾರದೆಂಬ ಷರತ್ತು ಅದರಲ್ಲಿದ್ದರೆ, ಅದನ್ನೇ ಲಗತ್ತಿಸಿ ದೂರು ಕೊಡಿ. ಇಲ್ಲದಿದ್ದರೆ, ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರು ಮೀನಿಗೂ ಜಾನುವಾರುಗಳಿಗೂ, ಅದರ ಮೇಲಿನದು ಬೆಳೆಗೆ ಎಂಬ ವಾಕ್ಯವನ್ನು ಮುಂದಿನ ಹರಾಜಿನ ಪ್ರಕಟಣೆಯಲ್ಲಿಯೇ ಸೇರಿಸುವಂತೆ ಈಗಿನಿಂದಲೇ ನಿರ್ಣಯ ಮಾಡಿಸಿ.