ನಲವತ್ತರ ನಂತರ ಆನ್‌ಲೈನ್ ಕೋರ್ಸ್: ಕಲಿಯುತ್ತಿರುವುದು ಸರಿಯಾಗಿದೆಯೇ ಎಂಬ ಅನುಮಾನವನ್ನು ನಿಭಾಯಿಸುವುದು ಹೇಗೆ?

ನಲವತ್ತು ದಾಟಿದ ಮೇಲೆ ಎನ್‌ಪಿಟಿಇಎಲ್ (ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಪಾಠಗಳ ವೇದಿಕೆ) ಕೋರ್ಸಿಗೆ ಸೇರಿದ್ದೇನೆ, ಮೂರನೆಯ ವಾರಕ್ಕೇ ಏನೂ ತಿಳಿಯದಂತಾಗಿದೆ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಡಬೇಡಿ. ನೌಕರಿಯ ಜೊತೆಗೇ ಸಂಖ್ಯಾಶಾಸ್ತ್ರದ 12 ವಾರಗಳ ಕೋರ್ಸನ್ನು ಅಲ್ಲಿ ಮುಗಿಸಿದ ನನಗೂ ಮೊದಲ ತಿಂಗಳು ಹೀಗೆಯೇ ಇತ್ತು.

ತರಗತಿಯಲ್ಲಾದರೆ ಪಕ್ಕದವರ ಪುಸ್ತಕದತ್ತ ಕಣ್ಣು ಹಾಯಿಸಿ, ಮೇಷ್ಟರ ಮುಖ ನೋಡಿ, ನಾವು ಎಲ್ಲಿದ್ದೇವೆಂದು ಅಂದಾಜು ಮಾಡಿಕೊಳ್ಳುತ್ತೇವೆ. ವಿಡಿಯೊ ಮುಂದೆ ಒಬ್ಬರೇ ಕುಳಿತಾಗ ಆ ಆಸರೆ ಇರುವುದಿಲ್ಲ. ಅಸೈನ್‌ಮೆಂಟ್ ಸಲ್ಲಿಸಿದರೂ ಗಡುವು ಮುಗಿಯುವವರೆಗೆ ಉತ್ತರ ಸರಿಯೋ ತಪ್ಪೋ ತಿಳಿಯುವುದಿಲ್ಲ. ಒಂದು ಬುಧವಾರ ರಾತ್ರಿ ಹನ್ನೊಂದೂವರೆಗೆ, ಮನೆಯವರೆಲ್ಲ ಮಲಗಿದ ಮೇಲೆ, ಸಬ್‌ಮಿಟ್ ಒತ್ತಲು ಧೈರ್ಯ ಸಾಲದೆ ಕುಳಿತಿದ್ದೆ. ಗಡುವಿನೊಳಗೆ ಎಷ್ಟು ಸಲವಾದರೂ ಸಲ್ಲಿಸಬಹುದು, ಕೊನೆಯದನ್ನಷ್ಟೇ ಪರಿಗಣಿಸುತ್ತಾರೆ ಎಂಬ ಸಾಲು ಅದೇ ಪುಟದಲ್ಲಿತ್ತು. ಆದ್ದರಿಂದ ಮೊದಲು ನಿಯಮಗಳನ್ನು ಓದಿ. 12 ವಾರಗಳ ಕೋರ್ಸಿನಲ್ಲಿ ಸಾಮಾನ್ಯವಾಗಿ ಅತ್ಯುತ್ತಮ 8 ಅಸೈನ್‌ಮೆಂಟ್‌ಗಳ ಸರಾಸರಿಗೆ 25 ಅಂಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ ಇರುತ್ತದೆ. ಒಂದೆರಡು ವಾರ ಕೈತಪ್ಪಿದ ಮಾತ್ರಕ್ಕೆ ಕೋರ್ಸ್ ಕೈತಪ್ಪುವುದಿಲ್ಲ.

ಆದರೆ ವಿಷಯವೇ ಅರ್ಥವಾಗದ ಅನುಮಾನ ನಿಯಮ ಓದಿದರೆ ಹೋಗುವಂಥದ್ದಲ್ಲ. ನನಗೆ ನೆರವಾದದ್ದು ಒಂದು ನೋಟ್‌ಬುಕ್. ಬಲಪುಟದಲ್ಲಿ ಪಾಠದ ಟಿಪ್ಪಣಿ, ಎಡಪುಟದಲ್ಲಿ ವಿಡಿಯೊದ ಯಾವ ನಿಮಿಷದಲ್ಲಿ ದಾರಿ ತಪ್ಪಿತು ಎಂಬುದು. "ವೇರಿಯನ್ಸ್ ಅರ್ಥವಾಗಲಿಲ್ಲ" ಎಂದು ಮೊದಲು ಬರೆದಿದ್ದೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆಯೇ ವೇರಿಯನ್ಸ್). ಅದೇ ಭಾಗವನ್ನು ಮತ್ತೆ ಮತ್ತೆ ನೋಡಿದಾಗ ನನ್ನ ತೊಡಕು "ಸ್ಯಾಂಪಲ್‌ನಲ್ಲಿ, ಅಂದರೆ ಇಡೀ ಗುಂಪಿನಿಂದ ಆಯ್ದ ಭಾಗದಲ್ಲಿ, ಎನ್ (ಅದರಲ್ಲಿರುವ ಅಂಕಿಗಳ ಸಂಖ್ಯೆ) ಬದಲು ಎನ್ ಮೈನಸ್ 1ರಿಂದ ಏಕೆ ಭಾಗಿಸಬೇಕು" ಎನ್ನುವುದಷ್ಟೇ ಎಂದು ತಿಳಿಯಿತು. ಅಷ್ಟು ಖಚಿತವಾದ ಪ್ರಶ್ನೆಗೆ ಚರ್ಚಾ ವೇದಿಕೆಯಲ್ಲಿ ಉತ್ತರ ಸಿಕ್ಕಿತು: ಸರಾಸರಿಯನ್ನೂ ಅದೇ ಸ್ಯಾಂಪಲ್‌ನಿಂದ ತೆಗೆದಿರುವುದರಿಂದ ವ್ಯತ್ಯಾಸಗಳು ಇರಬೇಕಾದುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ, ಆ ಕೊರತೆಯನ್ನು ಎನ್ ಮೈನಸ್ 1 ತುಂಬುತ್ತದೆ. ವಯಸ್ಸಾದವರಿಗೆ ಕೇಳಲು ಸಂಕೋಚ ಹೆಚ್ಚು. ದಯವಿಟ್ಟು ಸಂಕೋಚ ಬಿಟ್ಟು ಕೇಳಿ.

ಕೋರ್ಸಿಗೆ ಸೇರುವುದು ಉಚಿತ, ಶುಲ್ಕವಿರುವುದು ಪರೀಕ್ಷೆಗೆ ಮಾತ್ರ. ಹಾಗಾಗಿ ಬಿಡುವ ನಿರ್ಧಾರವನ್ನು ಇಂದೇ ಮಾಡಬೇಕಿಲ್ಲ. ಪರೀಕ್ಷೆಗೆ ನೋಂದಾಯಿಸುವ ಕೊನೆಯ ದಿನಾಂಕವನ್ನು ಬರೆದಿಟ್ಟುಕೊಂಡು, ಅಲ್ಲಿಯವರೆಗೆ ಮೂರನೆಯ ವಾರದ ವಿಡಿಯೊಗಳನ್ನು ಎಡಪುಟ ತೆರೆದಿಟ್ಟುಕೊಂಡು ಇನ್ನೊಮ್ಮೆ ನೋಡಿ.