ಓದುಗರ ಪ್ರಶ್ನೆ: ಫೈರ್ ಗಾಡಿ ಯಾಕೆ ಲೇಟಾಗುತ್ತೆ?

ಪ್ರಶ್ನೆ: ನಮಸ್ಕಾರ ಸರ್, ನಮ್ದು ಹಾವೇರಿ ಜಿಲ್ಲೆದಾಗ ಒಂದು ಸಣ್ಣ ಹಳ್ಳಿ. ಮಾರ್ಚ್‌ನಾಗ ಕಣದಾಗಿನ ಎರಡು ಬಣವಿಗೆ ಬೆಂಕಿ ಬಿತ್ತು. 101ಕ್ಕ ಫೋನ್ ಮಾಡಿದ್ವಿ, ಗಾಡಿ ಬರೂದ್ರಾಗ ಮುಕ್ಕಾಲು ತಾಸು ಆತು, ಎರಡೂ ಬೂದಿ. ವರ್ಷಪೂರ್ತಿ ಎತ್ತಿಗೆ ಅಂತ ಇಟ್ಟ ಮೇವು ಸರ್. ಇಷ್ಟು ತಡ ಯಾಕ, ನಾವೇನರ ಮಾಡಾಕ ಆಕ್ಕೈತೇನು?

ಉತ್ತರ: ಪತ್ರ ಓದಿ ನಿಜವಾಗ್ಲೂ ಸಂಕಟ ಆಯ್ತು, ಮೇವು ಹೋದ್ರೆ ಎತ್ತು ಮಾರೋ ಪರಿಸ್ಥಿತಿ ಬರುತ್ತೆ ಅಂತ ಗೊತ್ತು. ಫೈರ್ ಸ್ಟೇಷನ್‌ನಲ್ಲೇ ಸರ್ವಿಸ್ ಮುಗಿಸಿದವನು ನಾನು, ಆದ್ರೂ ಇಲಾಖೆ ಕಡೆ ಏನೂ ಕೊರತೆ ಇಲ್ಲ ಅಂತ ಹೇಳಲ್ಲ. ನಮ್ಮ ದೇಶದಲ್ಲಿ ಅಗ್ನಿಶಾಮಕ ಸಲಹಾ ಸಮಿತಿ ಹಾಕ್ಕೊಟ್ಟಿರೋ ಲೆಕ್ಕ ಏನಂದ್ರೆ ಪಟ್ಟಣದಲ್ಲಿ 5ರಿಂದ 7 ನಿಮಿಷ, ಹಳ್ಳಿಗೆ 20 ನಿಮಿಷದೊಳಗೆ ಗಾಡಿ ಮುಟ್ಟಬೇಕು. ಆದ್ರೆ ಸ್ಟೇಷನ್ ಇರೋದು ಹೆಚ್ಚಾಗಿ ತಾಲ್ಲೂಕು ಊರಲ್ಲಿ. ನಿಮ್ಮ ಹಳ್ಳಿ ಅಲ್ಲಿಂದ 30 ಕಿಲೋಮೀಟರ್ ಇದ್ರೆ, 4500 ಲೀಟರ್ ನೀರು ಹೊತ್ಕೊಂಡು, ಅಂದ್ರೆ ನೀರಿನ ತೂಕವೇ ನಾಲ್ಕೂವರೆ ಟನ್, ಹಂಪು ಗುಂಡಿ ದಾಟ್ಕೊಂಡು 20 ನಿಮಿಷದಲ್ಲಿ ಬರೋದು ಆಗದ ಮಾತು. ಅದಕ್ಕೇ ಫೆಬ್ರವರಿಯಿಂದ ಮೇ ತನಕನಾದ್ರೂ ದೂರದ ಹೋಬಳಿಗೆ ಒಂದು ಗಾಡಿ, ಸಿಬ್ಬಂದಿ ಸಮೇತ ನಿಲ್ಲಿಸ್ಬೇಕು ಅಂತ ಸರ್ವಿಸ್‌ನಲ್ಲಿದ್ದಾಗಲೂ ಹೇಳ್ತಿದ್ದೆ, ಈಗ್ಲೂ ಹೇಳ್ತೀನಿ. ಗ್ರಾಮಸಭೆಯಲ್ಲಿ ಠರಾವು ಮಾಡಿ ಡಿಸಿ ಆಫೀಸಿಗೆ ಕೊಡಿ, ಕೊಟ್ಟು ಸುಮ್ನಿರಬೇಡಿ, ಬೇಸಿಗೆಗೆ ಮುಂಚೆ ಮತ್ತೆ ಹೋಗಿ ಕೇಳಿ.

ಇನ್ನೊಂದು ವಿಷಯ, ಇದನ್ನ ನಾನು ಕಣ್ಣಾರೆ ನೋಡಿದ್ದು. ಫೋನ್ ಬರುತ್ತೆ, "ಬೆಂಕಿ ಹತ್ತೇತ್ರಿ, ಲಗೂನ ಬರ್ರಿ, ಹೊಸಹಳ್ಳಿ" ಅಂತ ಕೂಗಿ ಕಟ್. ಬೆಲ್ ಹೊಡೆದು ಒಂದು ನಿಮಿಷದಲ್ಲಿ ಹುಡುಗರು ಗಾಡಿ ಹತ್ತಿರ್ತಾರೆ, ಇಂಜಿನ್ ಆನ್, ಆದ್ರೆ ಒಂದೇ ತಾಲ್ಲೂಕಲ್ಲಿ ಎರಡ್ಮೂರು ಹೊಸಹಳ್ಳಿ ಇರ್ತವೆ, ಗೇಟ್ ದಾಟಿ ಎಡಕ್ಕೆ ತಿರುಗ್ಬೇಕೋ ಬಲಕ್ಕೋ? ವಾಪಸ್ ಫೋನ್ ಮಾಡಿದ್ರೆ ಬ್ಯುಸಿ ಬ್ಯುಸಿ ಬ್ಯುಸಿ, ಯಾಕಂದ್ರೆ ಆ ಮನುಷ್ಯ ಗಾಬರೀಲಿ ತಮ್ಮಂಗೆ, ಮಾವಂಗೆ, ಮೆಂಬರಿಗೆ ಫೋನ್ ಹಚ್ಕೊಂಡಿರ್ತಾನೆ. ಅವನದು ತಪ್ಪು ಅನ್ನೋಕಾಗಲ್ಲ, ಕಣ್ಣೆದುರಿಗೇ ಉರೀತಿರುತ್ತೆ. ಆದ್ರೆ ಗಾಡಿ ಗೇಟಲ್ಲೇ ನಿಂತು ಹೋಗೋ ಆ ಐದು ನಿಮಿಷ ಇದೆಯಲ್ಲ, ಅದನ್ನ ನೀವೇ ಉಳಿಸ್ಬಹುದು. 101 ಇಲ್ಲಾ 112, ಯಾವ್ದಕ್ಕೆ ಮಾಡಿದ್ರೂ ಊರು, ಹೋಬಳಿ, ತಾಲ್ಲೂಕು ಮೂರನ್ನೂ ಹೇಳಿ, ಹತ್ತಿರದ ಕ್ರಾಸ್ ಹೇಳಿ, ಏನು ಹತ್ಕೊಂಡಿದೆ ಹೇಳಿ. ಅವ್ರು ಸಾಕು ಅನ್ನೋ ತನಕ ಕಟ್ ಮಾಡ್ಬೇಡಿ, ಆಮೇಲೆ ಆ ನಂಬರ್‌ನಿಂದ ಬೇರೆ ಯಾರಿಗೂ ಫೋನ್ ಮಾಡ್ಬೇಡಿ. ಒಬ್ಬ ಹುಡುಗನ್ನ ಬೈಕಲ್ಲಿ ಕ್ರಾಸಿಗೆ ಕಳಿಸಿ, ಗಾಡಿ ಮುಂದೆ ದಾರಿ ತೋರಿಸ್ಕೊಂಡು ಬರ್ಲಿ.

ನೀರಿನ ವಿಷಯ ಕೂಡ ಮುಂಚೇನೇ ಯೋಚ್ನೆ ಮಾಡಿ. ಬಣವೆ ಬೆಂಕಿ ಮೇಲೆ ಆರಿದ ಹಾಗೆ ಕಂಡ್ರೂ ಒಳಗೆ ಕೆಂಡ ಇರುತ್ತೆ, ಎಳೆದು ಹರಡಿ ಹರಡಿ ನೀರು ಬಿಡ್ಬೇಕು, ಒಂದು ಗಾಡಿ ನೀರು ಎಲ್ಲಿಗೂ ಸಾಲಲ್ಲ. ಕೆರೆ ಅಥವಾ ಕೃಷಿಹೊಂಡದಿಂದ ನಮ್ಮ ಪಂಪೇ ನೀರು ಎಳ್ಕೊಳ್ಳುತ್ತೆ, ಆದ್ರೆ ಗಾಡಿ ದಡದ ಹತ್ರ ಬರೋ ಹಾಗೆ ದಾರಿ ಇರ್ಬೇಕು. ಊರಲ್ಲಿ ಒಂದು ಟ್ರ್ಯಾಕ್ಟರ್ ಟ್ಯಾಂಕರ್ ಬೇಸಿಗೆ ಪೂರ್ತಿ ತುಂಬಿಟ್ಕೊಳ್ಳಿ, ಕರೆಂಟ್ ತಂತಿ ಹತ್ರ ಬೆಂಕಿ ಇದ್ರೆ ಲೈನ್‌ಮ್ಯಾನ್ ಲೈನ್ ಆಫ್ ಮಾಡೋ ತನಕ ನೀರು ಎರಚ್ಬೇಡಿ. ಮುಂದಿನ ವರ್ಷ ಎರಡು ಬಣವೆ ಪಕ್ಕಪಕ್ಕ ಒಟ್ಟಬೇಡಿ, ತಂತಿ ಕೆಳಗಂತೂ ಬೇಡವೇ ಬೇಡ.

ಪ್ರಶ್ನೆ: ಬೆಂಗಳೂರಲ್ಲಿ 14ನೇ ಮಹಡಿಯಲ್ಲಿದ್ದೀವಿ, ಮನೇಲಿ ವಯಸ್ಸಾದ ಅತ್ತೆ ಇದ್ದಾರೆ. ಗೇಟ್ ಮುಂದೆ ಎರಡೂ ಕಡೆ ಕಾರು. ಫೈರ್ ಗಾಡಿ ಬಂದ್ರೂ ಏಣಿ ನಮ್ಮನೆ ತನಕ ಬರುತ್ತಾ?

ಉತ್ತರ: ಬೆಂಗಳೂರಿಗೆ 90 ಮೀಟರ್ ಎತ್ತರದ ಏಣಿ ಗಾಡಿ ಬಂದಿದೆ ಅಮ್ಮ, ಆದ್ರೆ ಅದು ಕಾಲು ಚಾಚಿ ಜಾಕ್ ಊರಿ ನಿಲ್ಲೋಕೆ ಅಗಲ ಜಾಗ, ಗಟ್ಟಿ ನೆಲ ಬೇಕು. ಕಾರು ತೆಗೆಸೋಕೆ ಓನರ್ ಹುಡುಕ್ತಾ ಕೂತ್ರೆ ಏಣಿ ಇದ್ದೂ ಇಲ್ಲದ ಹಾಗೆ. 2010ರ ಫೆಬ್ರವರಿ 23ಕ್ಕೆ ಹಳೇ ಏರ್‌ಪೋರ್ಟ್ ರಸ್ತೆ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ತೀರ್ಕೊಂಡ್ರು, ಹೊಗೆ ತಡೀಲಾರದೆ ಕೆಲವರು ಮೇಲಿಂದ ಹಾರಿದ್ರು, ಅದಿದ್ದಿದ್ದು ಏಳೇ ಮಹಡಿ ಬಿಲ್ಡಿಂಗ್. ಹಾಗಾಗಿ ಏಣಿ ನಂಬ್ಕೊಂಡು ಕೂರ್ಬೇಡಿ, ಮೆಟ್ಟಿಲೇ ನಿಮ್ಮ ದಾರಿ. ಲಿಫ್ಟ್ ಬೇಡ. ಅತ್ತೆಯವರನ್ನ ಯಾರು ಎತ್ಕೊಂಡು ಇಳಿಸ್ಬೇಕು ಅಂತ ಅಕ್ಕಪಕ್ಕದವರ ಜೊತೆ ಈಗ್ಲೇ ಮಾತಾಡ್ಕೊಳ್ಳಿ. ಈ ಭಾನುವಾರ ಅಸೋಸಿಯೇಷನ್‌ನವ್ರನ್ನ ಕರ್ಕೊಂಡು ಬೇಸ್‌ಮೆಂಟ್ ಪಂಪ್ ರೂಮಿಗೆ ಹೋಗಿ, ಫೈರ್ ಪಂಪ್ ಸ್ವಿಚ್ ಆಟೋದಲ್ಲಿದೆಯಾ ನೋಡಿ, ಸೌಂಡ್ ಬರುತ್ತೆ ಅಂತ ಎಷ್ಟೋ ಕಡೆ ಆಫ್ ಮಾಡಿಟ್ಟಿರ್ತಾರೆ. ಹಾಗೇ ನಿಮ್ಮ ಮಹಡಿಯ ಕೆಂಪು ಹೋಸ್ ಬಾಕ್ಸ್ ತೆಗೆದು ಒಳಗೆ ಪೈಪ್ ತುದಿಗೆ ಹಾಕೋ ಹಿತ್ತಾಳೆ ನಾಝಲ್ ಇದೆಯಾ ಕೈ ಹಾಕಿ ನೋಡಿ.