ಅಡುಗೆಮನೆಯ ‘ಗಲ್ಯ’, ಒಡಲಿನ ‘ಮಿಯೆಸ’

ಹಾಸನದ ಓದುಗರೊಬ್ಬರ ಪತ್ರದ ತಿರುಳು ಇದು. ಕಳೆದ ಸಂಚಿಕೆಯಲ್ಲಿ ಬಾಲ್ಟಿಕ್ ಭಾಷೆಗಳನ್ನು ಕುರಿತ ಲೇಖನವು, ಸಂಸ್ಕೃತದ ‘ಮಾಂಸ’ ಶಬ್ದದ ಬಂಧುವೇ ಲಿಥುವೇನಿಯನ್ನಿನಲ್ಲೂ ಲಾಟ್ವಿಯನ್ನಿನಲ್ಲೂ ಊಟದ ಮಾಂಸಕ್ಕೆ ಹೆಸರಾಗಿ ಉಳಿದಿದೆ ಎಂದು ಹೇಳಿತ್ತು. ಆದರೆ ಲಾಟ್ವಿಯಾದ ರಾಜಧಾನಿ ರೀಗಾದಲ್ಲಿರುವ ಮಗಳು ಕಳುಹಿಸಿದ ಅಂಗಡಿಯ ಚೀಟಿಯಲ್ಲಿ ಮಾಂಸಕ್ಕೆ ಅವರು ಕಂಡದ್ದು ‘ಗಳ’ ಎಂಬ ಶಬ್ದ. ಕೊರಳು ಎಂಬ ಅರ್ಥದ ‘ಗಳ’ಕ್ಕೆ ಇದು ನಂಟೇ, ಪೂರ್ವ ಲಾಟ್ವಿಯಾದ ಲಾಟ್ಗಾಲಿಯನ್ ನುಡಿಯಲ್ಲಿ ಬೇರೆ ಶಬ್ದವಿದೆಯೇ ಎಂಬುದು ಅವರ ಪ್ರಶ್ನೆ.

ಮೊದಲಿಗೆ, ತಪ್ಪು ನಮ್ಮದೇ. ಲಿಥುವೇನಿಯನ್ನಿನಲ್ಲಿ ಊಟದ ಮಾಂಸವನ್ನು ‘ಮೇಸಾ’ ಎನ್ನುತ್ತಾರೆ ಎಂಬ ಮಾತು ಸರಿ. ಲಾಟ್ವಿಯನ್ನನ್ನೂ ಅದೇ ವಾಕ್ಯದಲ್ಲಿ ಸೇರಿಸಿದ್ದು ತಪ್ಪು, ಅದನ್ನು ಅಚ್ಚಿಗೆ ಕಳುಹಿಸುವ ಮುನ್ನ ನಾನು ತಡೆಯಬೇಕಿತ್ತು.

ಚೀಟಿಯಲ್ಲಿರುವುದು ‘ಗಳ’ ಅಲ್ಲ. ಕನ್ನಡದ ‘ಳ’ವನ್ನು ರೋಮನ್ ಲಿಪಿಗೆ ತರುವಾಗ ವಿದ್ವಾಂಸರು ಎಲ್ ಅಕ್ಷರದ ಕೆಳಗೆ ಚುಕ್ಕೆ ಇಡುತ್ತಾರೆ, ಲಾಟ್ವಿಯನ್ನರು ಅದೇ ಅಕ್ಷರದ ಕೆಳಗೆ ಅಲ್ಪವಿರಾಮದಂತಹ ಗೆರೆ ಎಳೆಯುತ್ತಾರೆ. ನೋಟಕ್ಕೆ ಹತ್ತಿರವಿದ್ದರೂ ಉಚ್ಚಾರಣೆ ದೂರ. ನಮ್ಮ ‘ಳ’ಕ್ಕೆ ನಾಲಿಗೆಯ ತುದಿ ಹಿಂದಕ್ಕೆ ಮಡಿಚಬೇಕು, ಅವರ ಅಕ್ಷರಕ್ಕೆ ನಾಲಿಗೆಯ ನಡುಭಾಗ ಅಂಗುಳಕ್ಕೆ ತಾಗಬೇಕು. ಕನ್ನಡದಲ್ಲಿ ‘ಗಲ್ಯ’ ಎಂದು ಬರೆದು, ‘ಲ್ಯ’ವನ್ನು ಒತ್ತದೆ ಮೃದುವಾಗಿ ಓದಿದರೆ ಹೆಚ್ಚು ಸಮೀಪ. ಕೊರಳಿಗೂ ಅದಕ್ಕೂ ಸಂಬಂಧವಿಲ್ಲ. ಲಾಟ್ವಿಯನ್ನಿನಲ್ಲಿ ಕೊರಳಿಗೆ ‘ಕಕ್ಲ್ಸ್’ ಎನ್ನುತ್ತಾರೆ. ತಿರುಗುವುದು ಎಂಬ ಮೂಲಾರ್ಥದ ಆ ಶಬ್ದವನ್ನು ಭಾಷಾವಿಜ್ಞಾನಿಗಳು ನಮ್ಮ ‘ಚಕ್ರ’ದ ಬಂಧುವೆಂದು ಗುರುತಿಸಿದ್ದಾರೆ.

ಹಾಗಾದರೆ ‘ಮಾಂಸ’ದ ಕುಲದ ಶಬ್ದ ಲಾಟ್ವಿಯನ್ನಿನಲ್ಲಿ ಅಳಿದುಹೋಯಿತೇ ಎಂದರೆ, ಇಲ್ಲ, ಅದು ಅಡುಗೆಮನೆಯನ್ನು ಬಿಟ್ಟು ಒಡಲಿಗೆ ಸರಿದಿದೆ. ‘ಮಿಯೆಸ’ ಎಂಬ ಶಬ್ದಕ್ಕೆ ಇಂದು ಮೈ, ದೇಹ, ಜೀವಂತ ಮಾಂಸ ಎಂಬ ಅರ್ಥಗಳಿವೆ. ‘ವಾಕ್ಯವು ಮಾಂಸವಾಯಿತು’ ಎಂಬ ಯೋಹಾನನ ಸುವಾರ್ತೆಯ ಮಾತು ಲಾಟ್ವಿಯನ್ನಿನಲ್ಲಿ ‘ವಾರ್ಡ್ಸ್ ತಪ ಮಿಯೆಸ’ ಎಂದಾಗುತ್ತದೆ. ಅಲ್ಲಿ ‘ಗಲ್ಯ’ ಎಂದರೆ ಲಾಟ್ವಿಯನ್ ಕಿವಿಗೆ ಅಸಹ್ಯವಾದೀತು. ಒಂದೇ ತಾಯಿತಂದೆಗೆ ಹುಟ್ಟಿದ ಅಣ್ಣತಮ್ಮಂದಿರನ್ನು ‘ಮಿಯೆಸೀಗ್ಸ್’ ಸಹೋದರರು ಎನ್ನುವುದನ್ನು ಕೇಳಿದಾಗ ನಮ್ಮ ‘ಒಡಹುಟ್ಟಿದವರು’ ನೆನಪಿಗೆ ಬರುವುದು ಸಹಜ, ಆ ಎರಡರ ರಚನೆ ಬೇರೆಯಾದರೂ. ಹಂದಿಯ ಮಾಂಸ ಮಾತ್ರ ‘ತ್ಸೂಕ್‌ಗಲ್ಯ’, ಕೋಳಿಯದು ‘ವಿಸ್ತಾಸ್ ಗಲ್ಯ’.

ಆದರೂ ಹಳೆಯ ಅರ್ಥದ ಒಂದು ಗುರುತು ಉಳಿದಿದೆ, ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದದ್ದು ಅದೇ. ಕಟುಕನನ್ನು ಲಾಟ್ವಿಯನ್ನರು ‘ಮಿಯೆಸ್ನಿಯೆಕ್ಸ್’ ಎಂದು ಕರೆಯುತ್ತಾರೆ. ಕೊನೆಯ ‘ನಿಯೆಕ್ಸ್’ ನಮ್ಮ ‘ಗಾರ’ ಪ್ರತ್ಯಯದಂತೆ ಕಸುಬಿನವನನ್ನು ಸೂಚಿಸುತ್ತದೆ. ಅವನು ಮಾರುವುದು ‘ಗಲ್ಯ’, ಅವನ ಹೆಸರಿನಲ್ಲಿರುವುದು ‘ಮಿಯೆಸ’. ಬಾಲ್ಟಿಕ್ ಕುಟುಂಬದ ಅಳಿದ ಭಾಷೆಯಾದ ಹಳೆಯ ಪ್ರಷ್ಯನ್ನಿನಲ್ಲಿ ಮಾಂಸಕ್ಕೆ ‘ಮೆನ್ಸೊ’ ಎಂದಿತ್ತು. ಅದರಲ್ಲಿ ನಮ್ಮ ಅನುಸ್ವಾರಕ್ಕೆ ಸಮನಾದ ನಕಾರ ಇನ್ನೂ ಕೇಳಿಸುತ್ತದೆ. ಲಾಟ್ವಿಯನ್ನಿನಲ್ಲಿ ಆ ನಕಾರ ಕರಗಿ ‘ಎನ್’ ಎಂಬುದು ‘ಇಯೆ’ ಆಯಿತು. ಲಿಥುವೇನಿಯನ್ನಿನಲ್ಲಿ ‘ಪೆಂಕಿ’ಯಾಗಿರುವ ಐದು, ಅಂದರೆ ನಮ್ಮ ‘ಪಂಚ’, ಲಾಟ್ವಿಯನ್ನಿನಲ್ಲಿ ‘ಪಿಯೆತ್ಸಿ’ ಆದದ್ದು ಇದೇ ನಿಯಮದಿಂದ.

ಇನ್ನು ಲಾಟ್ಗಾಲಿಯನ್. ರೆಜೆಕ್ನೆ, ಲುಡ್ಜಾ ಪಟ್ಟಣಗಳ ಸುತ್ತಿನ ಈ ನುಡಿಯ ಸೀಮೆ 16ನೆಯ ಶತಮಾನದಿಂದ ಪೋಲೆಂಡ್–ಲಿಥುವೇನಿಯಾದ ಆಳ್ವಿಕೆಯಲ್ಲಿದ್ದು ಕ್ಯಾಥೊಲಿಕ್ ಆಗಿ ಉಳಿಯಿತು, 1772ರಲ್ಲಿ ರಷ್ಯಾದ ಪಾಲಾಯಿತು, 1865ರಿಂದ 1904ರವರೆಗೆ ಲ್ಯಾಟಿನ್ ಲಿಪಿಯ ಮುದ್ರಣದ ಮೇಲಿನ ನಿಷೇಧವನ್ನು ಸಹಿಸಿತು. 2011ರ ಜನಗಣತಿಯಲ್ಲಿ ಸುಮಾರು 1.64 ಲಕ್ಷ ಜನ ಇದನ್ನು ದಿನನಿತ್ಯ ಬಳಸುವುದಾಗಿ ಹೇಳಿದ್ದಾರೆ. ಲಾಟ್ವಿಯಾದ ಕಾನೂನು ಇದನ್ನು ಲಾಟ್ವಿಯನ್ನಿನ ಚಾರಿತ್ರಿಕ ಪ್ರಭೇದವೆಂದು ಗುರುತಿಸಿ ರಕ್ಷಣೆ ನೀಡಿದೆ. ಸ್ವತಂತ್ರ ಭಾಷೆ ಎನ್ನುವವರೂ ಇದ್ದಾರೆ.

ಊಟದ ಮಾಂಸಕ್ಕೆ ಲಾಟ್ಗಾಲಿಯನ್ನಿನಲ್ಲೂ ‘ಗಲ್ಯ’ವೇ, ಮತ್ತು ಅದು ಬದಲಾಗದೆ ಉಳಿದದ್ದೇ ಗಮನಾರ್ಹ. ಏಕೆಂದರೆ ಲಾಟ್ವಿಯನ್ನಿನ ಹ್ರಸ್ವ ಅಕಾರ ಅಲ್ಲಿ ಅನೇಕ ಕಡೆ ಒಕಾರವಾಗುತ್ತದೆ: ತಲೆ ಎಂಬರ್ಥದ ‘ಗಲ್ವ’ ಅಲ್ಲಿ ‘ಗೊಲ್ವ’, ತುದಿ ಎಂಬರ್ಥದ ‘ಗಲ್ಸ್’ ಅಲ್ಲಿ ‘ಗೊಲ್ಸ್’. ‘ಗಲ್ಯ’ ಮಾತ್ರ ‘ಗೊಲ್ಯ’ ಆಗಲಿಲ್ಲ. ಅಂಗುಳಕ್ಕೆ ಸರಿದ ಮೃದು ಲಕಾರ ತನ್ನ ಹಿಂದಿನ ಸ್ವರವನ್ನು ಕಾಪಾಡಿತು. ಓದುಗರು ‘ಳ’ ಎಂದು ಓದಿದ ಅದೇ ಅಕ್ಷರ ಈ ಕೆಲಸ ಮಾಡಿದೆ. ‘ಮಿಯೆಸ’ವಾದರೋ ಅಲ್ಲಿ ‘ಮೀಸ’ ಆಗಿದೆ, ದಿನ ಎಂಬರ್ಥದ ‘ದಿಯೆನ’ ‘ದೀನ’ ಆದಂತೆ, ‘ಪಿಯೆತ್ಸಿ’ ‘ಪೀತ್ಸಿ’ ಆದಂತೆ.

ಆದ್ದರಿಂದ ಕಳೆದ ಸಂಚಿಕೆಯ ವಾಕ್ಯವನ್ನು ಓದುಗರು ದಯವಿಟ್ಟು ಹೀಗೆ ತಿದ್ದಿಕೊಳ್ಳಬೇಕು: ‘ಸಂಸ್ಕೃತದ ಮಾಂಸಕ್ಕೆ ಬಂಧುವಾದ ಶಬ್ದವು ಲಿಥುವೇನಿಯನ್ನಿನಲ್ಲಿ ಊಟದ ಮಾಂಸವನ್ನೂ, ಲಾಟ್ವಿಯನ್ ಮತ್ತು ಲಾಟ್ಗಾಲಿಯನ್ನುಗಳಲ್ಲಿ ಒಡಲನ್ನೂ ಸೂಚಿಸುತ್ತದೆ, ಇವೆರಡರಲ್ಲೂ ಊಟದ ಮಾಂಸಕ್ಕೆ ಗಲ್ಯ ಎಂಬ ಬೇರೆ ಶಬ್ದವಿದೆ.’